ಊರು ಗೆಲ್ಲುತ್ತಿದ್ದ ಅಜ್ಜಿ

ಅಜ್ಜಿ ಆಡಿಸುತ್ತಿದ್ದ ಆಟಗಳ ನಿಯಮ ಬರೆದು ಕಳಿಸಿ ಎಂದು ನನ್ನನ್ನು ಕೇಳಿದ್ದಾರೆ. ಕೇಳಿದವರು ನಮ್ಮ ಹಾಗೆಯೇ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಮೂರು ಮನೆಯವರು. ಒಬ್ಬರು ಹೊಳೆನರಸೀಪುರದವರು, ಒಬ್ಬರು ಅರಕಲಗೂಡಿನವರು, ಇನ್ನೊಬ್ಬರು ಚನ್ನರಾಯಪಟ್ಟಣದವರು. ಹಾಸನದಿಂದ ನಾವು. ನಮ್ಮದೊಂದು ವಾಟ್ಸಾಪ್ ಗುಂಪಿದೆ. ಅಜ್ಜಿ ತೀರಿಕೊಂಡ ಮೇಲೆ ಅದರಲ್ಲಿ ಒಂದು ಮಾತು ಬಂತು. ಹೊಸದಾಗಿ ಮನೆಪಾಠ ಶುರು ಮಾಡುವವರಿಗೆ ಅನುಕೂಲವಾಗಲಿ, ಕನ್ನಡ ಕಲಿಸುವ ಮಾತಿನಾಟಗಳದ್ದು ಒಂದು ಸಣ್ಣ ಪುಸ್ತಕ ಮಾಡೋಣ, ಅಜ್ಜಿಯ ಆಟಗಳೇ ಅದರಲ್ಲಿರಲಿ ಎಂದು. ಒಳ್ಳೆಯ ಯೋಚನೆಯೇ. ನಾನೂ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದೆ. ಈಗ ಬರೆಯಲು ಕೂತರೆ ಕೈ ಓಡುತ್ತಿಲ್ಲ. ನಿಯಮವಂತೆ ನಿಯಮ! ಅಜ್ಜಿಗೆ ನಿಯಮ ಅಂತ ಒಂದು ಇದ್ದಿದ್ದರೆ ತಾನೆ?

ಉಳಿದವರು ಬರೆದು ಕಳಿಸಿದ್ದನ್ನು ಓದಿದರೆ ಗೊಂದಲ ಇನ್ನೂ ಜಾಸ್ತಿಯಾಗುತ್ತದೆ. ಅಜ್ಜಿ ಬಹಳ ಕಟ್ಟುನಿಟ್ಟು, ತಪ್ಪು ಉತ್ತರಕ್ಕೆ ಮುಲಾಜಿಲ್ಲ ಎಂದು ಅರಕಲಗೂಡಿನವರು ಬರೆದಿದ್ದಾರೆ. ಅಜ್ಜಿ ಒಗಟು ಹೇಳುತ್ತಲೇ ಇರಲಿಲ್ಲ, ಮಕ್ಕಳ ಕೈಲಿ ಹೇಳಿಸಿ ತಾವು ಗೋಡೆಗೊರಗಿ ತೂಕಡಿಸುತ್ತಿದ್ದರು ಎಂದು ಚನ್ನರಾಯಪಟ್ಟಣದವರು. ಮೇಡಂ ರಿಟೈರ್ಡ್ ಟೀಚರ್ ಆದ್ದರಿಂದ ಅವರ ಪದ್ಧತಿಯೇ ಬೇರೆ ಎಂದು ಹೊಳೆನರಸೀಪುರದವರು. ನಾನು ಕಂಡ ಅಜ್ಜಿ ಇದ್ಯಾವುದೂ ಅಲ್ಲ. ನಾನು ಕಂಡ ಅಜ್ಜಿ ಮೋಸಗಾತಿ. ಕಣ್ಣೆದುರಿಗೇ, ಸಣ್ಣ ಮಗುವಿನ ಜೊತೆ, ಹಾಡಹಗಲೇ ಮೋಸ ಮಾಡುತ್ತಿದ್ದವರು.

ಹೆಸರು ಹಾಕಬೇಡಿ ಎಂದು ಅವರ ಸೊಸೆ ಹೇಳಿದ್ದಾರೆ. ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಕರೆದದ್ದೂ ಇಲ್ಲ, ಅವರು ನಮಗೆ ಬರೀ ಅಜ್ಜಿ.

ಅವರು ನಮ್ಮ ಮನೆಗೆ ಬಂದಾಗ ನಮ್ಮ ಪರಿಸ್ಥಿತಿ ಹೇಗಿತ್ತೆಂದರೆ, ಯಾರಾದರೂ ಬಂದು ಗೋಡೆಗೆ ತಲೆ ಚಚ್ಚಿಕೋ ಅಂದಿದ್ದರೆ ಅದನ್ನೂ ಮಾಡುತ್ತಿದ್ದೆ. ಮಗಳು ಸಿರಿ ಮೂರನೇ ಕ್ಲಾಸಿನಲ್ಲಿ ಬರೆಯುವುದನ್ನು ನಿಲ್ಲಿಸಿಬಿಟ್ಟಿದ್ದಳು. ಒಂದು ದಿನ ಅವಳ ಪುಸ್ತಕವನ್ನು ಟೀಚರು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರಂತೆ, ಎಲ್ಲರೂ ನಕ್ಕರಂತೆ. ಅಷ್ಟೇ. ಮರುದಿನದಿಂದ ಬೆಳಗಾದರೆ ವಾಂತಿ. ಪೆನ್ಸಿಲ್ ಕೊಟ್ಟರೆ ಎರಡೂ ಕೈ ಬೆನ್ನ ಹಿಂದೆ. ಓದುತ್ತಾಳೆ, ಲೆಕ್ಕ ಬಾಯಲ್ಲೇ ಹೇಳುತ್ತಾಳೆ, ಒಂದು ಅಕ್ಷರ ಬರೆಯಲೊಲ್ಲಳು. ಹೊರಗಿನವರು ಬಂದರೆ ಬಾಯೂ ಬಂದ್. ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿಕೊಂಡೆ. ನಮ್ಮ ಯಜಮಾನರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡವರು, ವೈರು ಎಲ್ಲಿ ಕಟ್ಟಾಗಿದೆ ಎಂದು ಹುಡುಕಿ ಜೋಡಿಸಿದರೆ ಬಲ್ಬು ಹತ್ತಲೇಬೇಕು ಎಂದು ನಂಬಿದವರು.

"ನೋಡು, ಯುಗಾದಿವರೆಗೂ ಸುಮ್ನಿರ್ತೀನಿ" ಎಂದರು. "ಅಷ್ಟರೊಳಗೆ ನನ್ನೆದುರಿಗೆ ಕೂತು ಒಂದು ಪದ ಬರೀಲಿ. ಇಲ್ಲಾಂದ್ರೆ ಜೂನ್‌ಗೆ ಹಾಸ್ಟೆಲ್ ಇರೋ ಸ್ಕೂಲಿಗೆ ಹಾಕೋದೇ. ಅಲ್ಲಿ ಎಲ್ಲ ಸರಿ ಮಾಡ್ತಾರೆ."

ಹಾಸ್ಟೆಲ್ ಎಂಬ ಮಾತು ಕೇಳಿದ ದಿನ ಸಿರಿ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಮ್ಮತ್ತೆ ಇಬ್ಬರದೂ ಮುದ್ದೆ ಮುಚ್ಚಿಟ್ಟು, "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಮಧ್ಯದಲ್ಲಿ ಕೂಸು ಸಾಯ್ತದೆ" ಎಂದು ಗೊಣಗಿಕೊಂಡು ಮಲಗಿದರು.

ಆಗಲೇ ಗುಂಪಿನಲ್ಲಿ ಹೊಳೆನರಸೀಪುರದವರು ತಮ್ಮೂರಿನ ಈ ಅಜ್ಜಿಯ ವಿಷಯ ಹಾಕಿದ್ದು. ಮಕ್ಕಳಿಗೆ ಮಾತಿನಾಟ ಆಡಿಸುತ್ತಾರೆ, ದುಡ್ಡು ಕಾಸು ಏನೂ ಬೇಡ, ಒಂದು ಲೋಟ ಕಾಫಿ ಸಾಕು ಎಂದು. ಹೆಂಗಸರಿಗೆ ಬಸ್ಸು ಫ್ರೀ ಆದದ್ದೇ ಅಜ್ಜಿಗೆ ಕಾಲು ಬಂದಂತಾಗಿತ್ತು. ಮಂಗಳವಾರ ಹಾಸನ, ಇನ್ನೊಂದು ದಿನ ಅರಕಲಗೂಡು, ಮತ್ತೊಂದು ದಿನ ಚನ್ನರಾಯಪಟ್ಟಣ. ಹೆಗಲಿಗೆ ಬಟ್ಟೆ ಅಂಗಡಿಯ ಹಳೇ ಕೈಚೀಲ, ಅದರ ತುಂಬ ಮದುವೆ ಕಾರ್ಡುಗಳು, ಒಂದು ಕತ್ತರಿ, ಒಂದು ಸ್ಟೀಲ್ ಲೋಟ. ಲೋಟ ಯಾಕೆ ಎಂದು ಕೇಳಿದ್ದಕ್ಕೆ, "ಕಂಡೋರ್ ಮನೆ ಲೋಟ ಕೇಳಕ್ಕಾಯ್ತದಾ?" ಎಂದರು. ಆದರೆ ಕಾಫಿ ಕುಡಿದದ್ದು ನಮ್ಮ ಲೋಟದಲ್ಲೇ.

"ಸಕ್ರೆ ಕಮ್ಮಿ ಆಕ್ಬೇಡ ಕಣವ್ವ. ಶುಗರ್ರು ನಂಗಿಲ್ಲ, ನನ್ ಸೊಸೆಗೈತೆ."

ನೀವು ಟೀಚರಾಗಿದ್ದಿರಾ ಎಂದು ಕೇಳಿದೆ. ಅಜ್ಜಿ ಕಾಫಿ ಆರಿಸುತ್ತಾ, "ಗೊರೂರು ಡ್ಯಾಮು ಕಟ್ಟೋವಾಗ ಕ್ವಾಟ್ರಸ್‌ನಾಗಿದ್ದೆ" ಎಂದರು. ಟೀಚರಾಗಿಯೋ, ಯಾರದೋ ಹೆಂಡತಿಯಾಗಿಯೋ, ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅವರು ಹೋಗಿ ಇಷ್ಟು ದಿನವಾದರೂ ನನಗೆ ಅದು ಗೊತ್ತಿಲ್ಲ.

ಸಿರಿ ಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಅಜ್ಜಿ ಅವಳ ಕಡೆ ತಿರುಗಲೂ ಇಲ್ಲ. ಕಾಫಿ ಲೋಟದ ಜೊತೆ ಮಾತಾಡುವವರ ಹಾಗೆ ಒಗಟು ಹಾಕಿದರು.

"ಬಾಯಿಲ್ಲ, ಊರ ಎಸ್ರು ಯೋಳ್ತದೆ. ಕಾಲಿಲ್ಲ, ಅಗಲೂ ರಾತ್ರಿ ನಿಂತಿರ್ತದೆ. ಏನದು?"

ಸ್ವಲ್ಪ ಹೊತ್ತಿನ ಮೇಲೆ ಪರದೆಯ ಹಿಂದಿನಿಂದ ಸಣ್ಣ ದನಿ ಬಂತು. "ಮೈಲಿಗಲ್ಲು."

ನನಗೆ ಎದೆ ತುಂಬಿ ಬಂತು. ಹೊರಗಿನವರ ಎದುರು ಅವಳ ದನಿ ಕೇಳಿ ತಿಂಗಳುಗಳಾಗಿದ್ದವು. ಶಭಾಷ್ ಎಂದು ಅಜ್ಜಿ ತಬ್ಬಿಕೊಳ್ಳುತ್ತಾರೆ ಎಂದು ಕಾದೆ.

"ಅಲ್ಲ" ಎಂದರು ಅಜ್ಜಿ. "ಬಸ್ಸಿನ ಬೋರ್ಡು. ಸೋತೆ. ಊರು ಕೊಡು."

ಪರದೆ ಸರಿಯಿತು. "ಬಸ್ ಬೋರ್ಡು ಎಲ್ಲಿ ನಿಂತಿರುತ್ತೆ? ಓಡುತ್ತೆ!"

"ಓಡೋದು ಬಸ್ಸು. ಬೋರ್ಡು ಗಾಜಿಗೊರಗ್ಕಂಡು ನಿಂತೇ ಇರಾಕಿಲ್ವಾ? ಊರು ಕೊಡು."

ಊರು ಕೊಡುವುದು ಎಂದರೆ ನಮ್ಮ ಕಡೆಯ ಹಳೇ ಪದ್ಧತಿ. ಒಗಟು ಬಿಡಿಸಲಾಗದವರು ಸೋತೆ ಅಂದರೆ ಸಾಲದು, ಯಾವುದಾದರೂ ಒಂದು ಊರು ಕೊಡಬೇಕು. ಬೇಲೂರು ಕೊಟ್ಟೆ ಅಂದರೆ ಬೇಲೂರು ಅವತ್ತಿಗೆ ಗೆದ್ದವರದು. ಊರು ಕೈಗೆ ಬಂದ ಮೇಲೆಯೇ ಉತ್ತರ ಹೇಳುವುದು. ನನ್ನ ಚಿಕ್ಕಂದಿನಲ್ಲಿ ನಾನೂ ಎಷ್ಟೋ ಊರು ದಾನ ಮಾಡಿದ್ದೇನೆ. ಆದರೆ ಸರಿಯಾದ ಉತ್ತರ ಹೇಳಿದವರ ಕೈಯಿಂದ ಊರು ಕಿತ್ತುಕೊಳ್ಳುವುದನ್ನು ನೋಡಿದ್ದು ಅವತ್ತೇ.

ಸಿರಿ ಕಣ್ಣಲ್ಲಿ ನೀರು ತುಂಬಿಕೊಂಡು "ಗೊರೂರು ತಗೊಳ್ಳಿ" ಎಂದಳು. ಅಜ್ಜಿ ತಲೆಯಾಡಿಸಿದರು. "ಬಾಯಲ್ ಕೊಟ್ಟಿದ್ದು ಗಾಳಿಗೋಯ್ತದೆ. ಚೀಟೀಲಿ ಬರ್ದು ಕೊಡು." ಸಿರಿಯ ಕೈ ಬೆನ್ನ ಹಿಂದೆ ಹೋಯಿತು. ಮುಗಿಯಿತು ಕಥೆ ಅಂದುಕೊಂಡೆ. ಅಜ್ಜಿ ಮಾತ್ರ ಅದನ್ನು ನೋಡಲೇ ಇಲ್ಲ ಎಂಬಂತೆ, "ಬುಡು, ಇನ್ನೊಂದ್ಸಲ ಕೊಡುವಂತೆ" ಎಂದು ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದರು.

ಸಿಟ್ಟು ಬಂದದ್ದು ಸಿರಿಗಲ್ಲ, ನನಗೆ. ಇಂಥ ಮಗುವಿನ ಜೊತೆ ಆಡುವ ಆಟವೇ ಇದು? ಮುಂದಿನ ವಾರ ಬರುವುದು ಬೇಡ ಎನ್ನಲು ಫೋನ್ ಕೈಗೆತ್ತಿಕೊಂಡೆ. ಆಗ ಸಿರಿ ಬಂದು, "ಅಮ್ಮ, ಮಂಗಳವಾರ ಯಾವತ್ತು?" ಎಂದು ಕೇಳಿದಳು. ಫೋನ್ ಕೆಳಗಿಟ್ಟೆ.

ಮುಂದಿನ ವಾರಗಳಲ್ಲಿ ಮದುವೆ ಕಾರ್ಡುಗಳ ಆಟ ಬಂತು. ಕಾರ್ಡಿನ ಒಂದು ಸಾಲನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿ ನೆಲದ ಮೇಲೆ ಹರಡುವುದು, ಅದರಿಂದ ಬೇರೆ ಪದಗಳನ್ನು ಜೋಡಿಸುವುದು. ಬರೆಯುವ ಗೋಜಿಲ್ಲ. "ಸುಖಾಗಮನ ಬಯಸುವವರು" ಎಂಬ ಸಾಲನ್ನು ಕತ್ತರಿಸಿದಾಗ ಸಿರಿ ಗಮನ, ಮಗ, ಸುಮ ಎಂದು ಒಂದೊಂದಾಗಿ ಜೋಡಿಸಿ ಕೆಡಿಸಿ, ಕೊನೆಗೆ ಮತ್ತೆ ತುಂಡುಗಳಲ್ಲಿ ಕೈಯಾಡಿಸಿ "ಯಮ" ಎಂದು ಇಟ್ಟಳು. ನಮ್ಮತ್ತೆ ಅದನ್ನು ನೋಡಿ ಎರಡೂ ಕೆನ್ನೆಗೆ ಬಡಿದುಕೊಂಡರು. "ಅಯ್ಯೋ ಶಿವನೇ, ಮದ್ವೆ ಕಾರ್ಡಲ್ಲಿ ಯಮನ್ನ ಉಡಿಕ್ತಾಳಲ್ಲಾ ಈ ಮುಂಡೇದು!" ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇರೋದ್ನೇ ಅಲ್ವೇನವ್ವ ಉಡ್ಕಿದ್ದು" ಎಂದರು. ಸಿರಿಯೂ ನಕ್ಕಳು. ಅತ್ತೆಯೂ ನಕ್ಕರು, ಆಮೇಲೆ ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದರು.

ಊರುಗಳ ಹೆಸರಿನ ಸರಪಳಿ ಆಟವೂ ಇತ್ತು. ಒಂದು ಊರಿನ ಕೊನೆಯ ಅಕ್ಷರದಿಂದ ಇನ್ನೊಬ್ಬರು ಇನ್ನೊಂದು ಊರು ಹೇಳಬೇಕು. ಅಜ್ಜಿ ಪ್ರತಿ ಸಲ ಬಾಗೂರು ಎಂದೇ ಶುರು ಮಾಡುವರು. ಬಾಗೂರು ಅವರ ತವರು. "ರು"ವಿನಿಂದ ಶುರುವಾಗುವ ಊರು ಮಗುವಿಗೆ ಥಟ್ಟನೆ ಎಲ್ಲಿ ಹೊಳೆಯಬೇಕು? ಆಟ ಅಲ್ಲಿಗೇ ಖಲಾಸ್. "ಊರು ಕೊಡು" ಎಂದು ಕೈ ಚಾಚುವರು. ಇದು ಎಂಥ ಆಟ ಅಜ್ಜಿ ಎಂದು ನಾನೇ ಕೇಳಿದೆ. "ಬ್ಯಾಗ ಮುಗಿಯೋ ಆಟ ಕಣವ್ವ. ಕಾಫಿ ಆರೋಗಾಕಿಲ್ಲ." ಪುಸ್ತಕಕ್ಕೆ ಇದನ್ನು ಹೇಗೆ ಬರೆಯುವುದೋ ನನಗೆ ತಿಳಿಯದು.

ಸಿರಿ ಬರೆದದ್ದು ಒಂದು ಬಾಚಣಿಗೆಯ ದೆಸೆಯಿಂದ. ಅವತ್ತಿನ ಒಗಟು, "ಅಲ್ಲು ಐತೆ, ಉಣ್ಣಾಕಿಲ್ಲ. ಬೆಳಿಗ್ಗೆದ್ದು ತಲೆ ಮುಟ್ದೆ ಬುಡಾಕಿಲ್ಲ." ಸಿರಿ ಬಾಚಣಿಗೆ ಎಂದಳು. ಅಜ್ಜಿ ಗರಗಸ ಎಂದರು.

"ಗರಗಸ ತಲೆ ಮುಟ್ಟುತ್ತಾ?"

"ಮರದ್ ತಲೆ ಮುಟ್ಟಾಕಿಲ್ವಾ? ಮತ್ತೆ?" ಎಂದು ಅಜ್ಜಿ ಕೈ ಬೀಸಿದರು.

ಸಿರಿ ಎದ್ದು ನಿಂತಳು. ಅವಳ ಮುಖ ಕೆಂಪಾಗಿತ್ತು. "ನೀವು ಮೋಸ ಮಾಡ್ತೀರ! ನಾನು ಸರಿ ಹೇಳಿದ ಮೇಲೆ ಉತ್ತರ ಬದಲಾಯಿಸ್ತೀರ. ಮೊದಲೇ ಬರೆದು ಲೋಟದ ಕೆಳಗಿಡಿ, ಆಮೇಲೆ ಒಗಟು ಹೇಳಿ!"

"ಕನ್ನಡ್ಕ ತಂದಿಲ್ಲ ಕಣವ್ವ."

"ಹಂಗಾದ್ರೆ ನಾನೇ ಒಗಟು ಹಾಕ್ತೀನಿ. ಹೆಂಗೆ ಆಡಬೇಕು ಅಂತ ತೋರಿಸ್ತೀನಿ, ನೋಡಿ."

ಎಂದವಳೇ ಮದುವೆ ಕಾರ್ಡಿನ ಖಾಲಿ ಬೆನ್ನು ಹರಿದುಕೊಂಡು, ಫ್ರಿಜ್ ಮೇಲಿದ್ದ ಪೆನ್ನು ತೆಗೆದುಕೊಂಡು, ಗೋಡೆಯ ಕಡೆ ತಿರುಗಿ ಏನೋ ಬರೆದು, ಮಡಿಸಿ, ಅಜ್ಜಿಯ ಸ್ಟೀಲ್ ಲೋಟದ ಕೆಳಗಿಟ್ಟಳು. ನಾನು ಒಲೆಯ ಮುಂದೆ ನಿಂತಿದ್ದೆ. ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. ನಾನು ಅಲ್ಲಾಡಿದರೆ ಅವಳು ನಿಲ್ಲಿಸಿಬಿಡುತ್ತಾಳೇನೋ ಎಂದು ಹೆದರಿ ಅಲ್ಲಾಡಲಿಲ್ಲ. ಅಜ್ಜಿಗೆ ಅವಳ ಒಗಟು ಬಿಡಿಸಲಾಗಲಿಲ್ಲ. ಲೋಟ ಎತ್ತಿ ಚೀಟಿ ಬಿಚ್ಚಿದರು, ಸೊಂಟದ ಅಡಿಕೆ ಚೀಲದಿಂದ ಕನ್ನಡಕ ಹೊರಗೆ ತೆಗೆದರು, ಓದಿದರು, ಒಪ್ಪಿಕೊಂಡು ಬಾಗೂರನ್ನು ಬರೆದು ಕೊಟ್ಟರು. ಅವರು ಹೋದ ಮೇಲೆ ನಾನು ಸೀದುಹೋದ ಹಾಲು ಉಜ್ಜುತ್ತಾ ಜೋರಾಗಿ ಅತ್ತುಬಿಟ್ಟೆ.

ಆಮೇಲೆ ಅದೇ ಆಟವಾಯಿತು. ಅಜ್ಜಿ ಮೋಸ ಮಾಡುವುದು, ಸಿರಿ ಸಿಟ್ಟಾಗುವುದು, ಬರೆದು ಲೋಟದ ಕೆಳಗಿಡುವುದು. ಅವಳ ಒಗಟನ್ನು ಅಜ್ಜಿ ಬಿಡಿಸಿದರೆ ಅದೂ ಸೋಲೇ. ಸೋತರೆ ಊರನ್ನೂ ಬರೆದೇ ಕೊಡುತ್ತಿದ್ದಳು. ಬೂವನಹಳ್ಳಿ ಕೊಟ್ಟ ದಿನ ಅಜ್ಜಿ ಆ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಇಮಾನ ಇಳ್ಯೋ ಊರಂತೆ ಕಣೇ, ಇವತ್ತು ಒಳ್ಳೆ ಯಾಪಾರ" ಎಂದರು. ಹಾಸನ ಒಂದನ್ನು ಮಾತ್ರ ಸಿರಿ ಕೊಡಲಿಲ್ಲ. ಅಜ್ಜಿ ಪ್ರತಿ ವಾರ ಕೇಳುವರು.

"ಹಾಸನ ಕೊಡಲ್ಲ. ಕೊಟ್ರೆ ನಾವೆಲ್ಲಿರೋದು?"

"ಕೊಡು. ಬಾಡ್ಗೆಗಿರುವಂತ್ರಿ."

"ಕೊಡಲ್ಲ ಅಂದ್ರೆ ಕೊಡಲ್ಲ."

ನಾನು ಸಂಭ್ರಮದಿಂದ ಯಜಮಾನರಿಗೆ ಹೇಳಿದೆ. ಅವರು ನಂಬಲಿಲ್ಲ. ಅಪ್ಪನ ಮುಂದೆ ಸಿರಿ ಪೆನ್ನು ಮುಟ್ಟಲೇ ಇಲ್ಲ. ಚೀಟಿಗಳೆಲ್ಲ ಅಜ್ಜಿಯ ಚೀಲದಲ್ಲಿ ಹೋಗಿದ್ದವು. "ಲೋಟದ ಕೆಳಗೆ ಬರೀತಾಳಂತೆ! ಪರೀಕ್ಷೆ ಹಾಲ್‌ಗೂ ಲೋಟ ತಗೊಂಡು ಹೋಗ್ತಾಳಾ?" ಎಂದರು. ಅವರು ಕೆಟ್ಟವರಲ್ಲ, ಹೆದರಿದ್ದರು. ಹೆದರಿಕೆಯಲ್ಲಿ ಗಂಡಸರ ಮಾತು ಹೀಗೇ ಬರುತ್ತದೆ.

ಮಳೆಗಾಲ ಕಳೆದ ಮೇಲೆ ಅಜ್ಜಿ ಒಂದು ಭಾನುವಾರ ಬಂದು ಬಾಗಿಲು ತಟ್ಟಿದರು. "ಅಜ್ಜಿ, ಇವತ್ತು ಮಂಗಳವಾರ ಅಲ್ಲ" ಎಂದಳು ಸಿರಿ. ಅಜ್ಜಿ ಹೆಗಲ ಚೀಲ ಸರಿಮಾಡಿಕೊಂಡು, "ಕಂಡಿಡಿದ್ಬುಟ್ಯಲ್ಲಾ! ತಕಾ, ಬಾಗೂರು ನಿಂದೇಯಾ" ಎಂದರು. ನಾವೆಲ್ಲ ನಕ್ಕೆವು. ಆಮೇಲೆ ಆಗತಾನೆ ಹಾಕಿದ ಒಗಟನ್ನೇ ಮತ್ತೆ ಹಾಕತೊಡಗಿದರು. ಸಿರಿ ಅದನ್ನೂ ಮೋಸದ ಲೆಕ್ಕಕ್ಕೆ ಸೇರಿಸಿ ಜಗಳವಾಡಿದಳು. ಒಂದು ಸಂಜೆ ಅವರ ಮಗ ಗಾಬರಿಯಿಂದ ಫೋನ್ ಮಾಡಿದರು. "ಅಕ್ಕಾ, ನಮ್ಮವ್ವ ನಿಮ್ಮನೇಲವ್ರಾ?" ಇರಲಿಲ್ಲ. ಚನ್ನರಾಯಪಟ್ಟಣದ ಬಸ್ಸು ಹತ್ತಿ, ಅಲ್ಲಿಂದ ಬಾಗೂರಿಗೆ ಹೋಗಿ, ಯಾರದೋ ಜಗುಲಿಯ ಮೇಲೆ ಕೂತು, "ಈ ಊರು ನಂದು, ಗೆದ್ಕಂಡಿದ್ದೀನಿ" ಎನ್ನುತ್ತಿದ್ದರಂತೆ. ಇದರಲ್ಲಿ ಆಟ ಯಾವುದು, ಮರೆವು ಯಾವುದು? ನನಗೆ ಅವತ್ತೂ ಗೊತ್ತಾಗಲಿಲ್ಲ.

ಸಂಕ್ರಾಂತಿಯ ಎಳ್ಳು ಬೀರಲು ಬಂದದ್ದೇ ಕೊನೆ. ಮತ್ತೆ ಮನೆಯವರು ಅಜ್ಜಿಯನ್ನು ಒಬ್ಬರನ್ನೇ ಹೊರಗೆ ಬಿಡಲಿಲ್ಲ. ಹೋಗುವಾಗ ಅವರು ಲೋಟ ಮರೆತು ಹೋಗಿದ್ದರು. ಸಿರಿ ನಾಲ್ಕಾರು ಮಂಗಳವಾರ ಅದನ್ನು ಮುಂದಿಟ್ಟುಕೊಂಡು ಕೂತಳು. ನಾನು ಒಗಟು ಹಾಕಿದೆ, ಬೇಕೆಂದೇ ಉತ್ತರ ಬದಲಿಸಿದೆ, ಊರು ಕೇಳಿದೆ. "ನಿಂಗೆ ಮೋಸ ಮಾಡೋದೇ ಗೊತ್ತಿಲ್ಲ ಅಮ್ಮ" ಎಂದಳು. ಅವಳ ಕೈ ಮತ್ತೆ ಬೆನ್ನ ಹಿಂದೆ ಹೋಯಿತು. ಯಜಮಾನರು ಆ ಹಾಸ್ಟೆಲ್ ಶಾಲೆಗೆ ಹೋಗಿ ನೋಡಿಕೊಂಡು ಬಂದರು. ನೀರು, ಊಟ ಎಲ್ಲ ಚೆನ್ನಾಗಿದೆ ಎಂದರು.

ಯುಗಾದಿ ಹತ್ತಿರ ಬಂದಾಗ, ಅಜ್ಜಿಯ ಲೋಟ ಕೊಟ್ಟು ಬರಲೇಬೇಕು ಎಂದು ಸಿರಿ ಹಟ ಹಿಡಿದಳು. ಅಂಗಡಿಗೆ ರಜವಿದ್ದ ದಿನ ಯಜಮಾನರೂ ಹೊರಟರು. "ಯಾವ ಯುನಿವರ್ಸಿಟಿಯೋ ನಾನೂ ನೋಡ್ತೀನಿ ನಡಿ" ಎಂದರು. ಸ್ಕೂಟರಿನಲ್ಲಿ ಮೂವರು ಹಿಡಿಸುವುದಿಲ್ಲವಾದ್ದರಿಂದ ಬಸ್ಸಿನಲ್ಲೇ ಹೊಳೆನರಸೀಪುರಕ್ಕೆ ಹೋದೆವು.

ಅಜ್ಜಿ ನಡುಮನೆಯ ಮಂಚದ ಮೇಲೆ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನನ್ನು ನೋಡಿ, "ಯಾರವ್ವ ನೀನು? ಕರೆಂಟ್ ಬಿಲ್ಲಿನೋಳಾ?" ಎಂದರು. ಸೊಸೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ಎರಡು ವರ್ಷದಿಂದ್ಲೇ ಹಿಂಗೆ ಕಣಕ್ಕ. ನಾವೇ ಲೇಟಾಗಿ ಗಮನಿಸಿದ್ದು. ನಿಮ್ಮನೇಗೆ ಬತ್ತಿದ್ದಾಗ್ಲೂ ಇತ್ತು" ಎಂದರು. ಹಾಗಾದರೆ ಮೋಸ ಮಾಡುತ್ತಿದ್ದದ್ದಲ್ಲ, ಉತ್ತರ ಮರೆತುಹೋಗುತ್ತಿತ್ತು! ಆಗ ನಡುಮನೆಯಿಂದ ಅವರ ಮಗ ನಮ್ಮ ಯಜಮಾನರಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಒಗಟಿನ್ ಇಚಾರ ಬುಡಿ ಸಾ. ನಾನು ಚಿಕ್ಕೋನಿದ್ದಾಗ್ಲೂ ನಮ್ಮವ್ವ ಇಂಗೇ ಉತ್ರ ಬದ್ಲಾಯಿಸಿ ಅಳುಸೋಳು." ನಾನು ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಗೂ ನಡುಮನೆಗೂ ಮಧ್ಯೆ ಹೊಸ್ತಿಲ ಮೇಲೆ ನಿಂತಿದ್ದೆ. ಈಗಲೂ ಅಲ್ಲೇ ನಿಂತಿದ್ದೇನೆ ಅನ್ನಿಸುತ್ತದೆ.

ಸಿರಿ ಮಂಚದ ತುದಿಯಲ್ಲಿ ಕೂತು ಚೀಲದಿಂದ ಲೋಟ ತೆಗೆದಳು. ಜೊತೆಗೆ ಕಾರ್ಡಿನ ಚೂರು, ಪೆನ್ನು. ಎಲ್ಲರೂ ನೋಡುತ್ತಿದ್ದೆವು. ಅವಳ ಅಪ್ಪ ಎದುರಿನ ಕುರ್ಚಿಯಲ್ಲೇ ಇದ್ದರು. ಸಿರಿ ಯಾರ ಕಡೆಗೂ ನೋಡದೆ, ಕೈ ಮರೆ ಮಾಡಿಕೊಂಡು ಬರೆದು, ಮಡಿಸಿ, ಲೋಟದ ಕೆಳಗಿಟ್ಟಳು.

"ಅಜ್ಜಿ. ಬಾಯಿಲ್ಲ, ಊರ ಹೆಸರು ಹೇಳುತ್ತೆ. ಕಾಲಿಲ್ಲ, ಹಗಲೂ ರಾತ್ರಿ ನಿಂತಿರುತ್ತೆ. ಏನದು?"

ಅಜ್ಜಿ ಬಹಳ ಹೊತ್ತು ಯೋಚಿಸಿದರು. ಹಣೆ ಉಜ್ಜಿಕೊಂಡರು. ಬಾಗಿಲ ಕಡೆ ನೋಡಿದರು. ಬಾಗಿಲ ಮೇಲೆ ದೃಷ್ಟಿಗೆಂದು ಬೂದುಗುಂಬಳಕಾಯಿ ಕಟ್ಟಿದ್ದರು.

"ಕುಂಬಳಕಾಯಿ" ಎಂದರು.

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಿರಿ ಲೋಟ ಎತ್ತಿ, ಚೀಟಿ ಬಿಚ್ಚಿ, ಓದಿದಳು. ಮತ್ತೆ ಮಡಿಸಿ ಮುಷ್ಟಿಯೊಳಗೆ ಇಟ್ಟುಕೊಂಡಳು.

"ಸರಿ ಅಜ್ಜಿ" ಎಂದಳು. "ಕುಂಬಳಕಾಯೀನೇ."

"ಕುಂಬಳಕಾಯಿ ಊರ ಹೆಸರು ಹೇಳುತ್ತೇನೇ?" ಎಂದರು ನಮ್ಮ ಯಜಮಾನರು, ತಡೆಯಲಾರದೆ.

ಸಿರಿ ಅಪ್ಪನ ಕಡೆ ತಿರುಗಿದಳು. "ಸಂತೇಲಿ ಇಟ್ಟಿರ್ತಾರಲ್ಲಪ್ಪ, ಇದು ಅರಕಲಗೂಡಿಂದು, ಇದು ಬಾಗೂರಿಂದು ಅಂತ ನೋಡಿದ ತಕ್ಷಣ ಗೊತ್ತಾಗಲ್ವಾ? ಮತ್ತೆ?" ಆ "ಮತ್ತೆ" ಅಜ್ಜಿಯದೇ. ಕೈ ಬೀಸಿದ್ದೂ ಅಜ್ಜಿಯ ಹಾಗೆಯೇ.

ಅಜ್ಜಿಯ ಮುಖ ಅರಳಿತು. ಕೈ ಚಾಚಿದರು. "ಊರು ಕೊಡು."

ಸಿರಿ ಇನ್ನೊಂದು ಚೂರು ತೆಗೆದುಕೊಂಡಳು. ಈ ಸಲ ಕೈ ಮರೆ ಮಾಡಲಿಲ್ಲ. ಅಪ್ಪ ಬಗ್ಗಿ ನೋಡುತ್ತಿದ್ದರೂ ನಿಲ್ಲಿಸಲಿಲ್ಲ. ದೊಡ್ಡ ದೊಡ್ಡದಾಗಿ ಮೂರು ಅಕ್ಷರ ಬರೆದು ಅಜ್ಜಿಯ ಅಂಗೈಯಲ್ಲಿಟ್ಟಳು. ಹಾಸನ.

ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಆಮೇಲೆ ಸಿರಿಯ ಮುಖವನ್ನೇ ನೋಡುತ್ತಾ, "ಇದ್ನ ಕೊಡಾಕಿಲ್ಲ ಅಂತಿದ್ದೆ?" ಎಂದರು. ನಕ್ಕರು. "ಅಂತೂ ಕೊಟ್ಯಲ್ಲಾ!"

ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ನಾವು ಹೊರಡುವಾಗ ಸಿರಿಯನ್ನು, "ಯಾರ್ ಮಗಳವ್ವ ನೀನು?" ಎಂದು ಕೇಳಿದರು.

ಈಗ ಹೇಳಿ, ಪುಸ್ತಕಕ್ಕೆ ನಾನು ಯಾವ ನಿಯಮ ಬರೆದು ಕಳಿಸಲಿ? ಅವತ್ತು ಅಜ್ಜಿಗೆ ಉತ್ತರ ಮರೆತುಹೋಗಿತ್ತೋ, ಹಾಸನ ಗೆಲ್ಲಲು ಹೂಡಿದ ಕೊನೆಯ ಮೋಸವೋ? ಮರೆವೇ ಆಗಿದ್ದರೆ ಹಾಸನ ಕೊಡುವುದಿಲ್ಲ ಅಂದದ್ದು ಹೇಗೆ ನೆನಪಿತ್ತು? ಮೋಸವೇ ಆಗಿದ್ದರೆ ಬಾಗಿಲಲ್ಲಿ ನನ್ನ ಮಗಳನ್ನು ಯಾರೆಂದು ಯಾಕೆ ಕೇಳಿದರು? ಎಷ್ಟು ಸಲ ತಿರುಗಿಸಿ ನೋಡಿದರೂ ತಲೆಬುಡ ಸಿಗುವುದಿಲ್ಲ. ಅವರ ಕ್ರಿಯಾಕರ್ಮದ ದಿನ ಕೇಳೋಣವೆಂದುಕೊಂಡು ಹೋದೆ. ಯಾರನ್ನು ಕೇಳುವುದು? ಬೇಕಾದವರು ಫೋಟೋದೊಳಗೆ ಹೂವಿನ ಹಾರ ಹಾಕಿಕೊಂಡು ಕೂತಿದ್ದರು.

ಅವತ್ತು ಹೊಳೆನರಸೀಪುರದಿಂದ ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸಿರಿಯ ಮುಷ್ಟಿಯಿಂದ ಆ ಮೊದಲ ಚೀಟಿ ತೆಗೆದು ಬಿಚ್ಚಿ ನೋಡಿದರು. ಸೊಟ್ಟ ಸೊಟ್ಟ ಅಕ್ಷರದಲ್ಲಿ "ಮೈಲಿಗಲ್ಲು" ಎಂದಿತ್ತು. ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕಂಡಕ್ಟರ್ ಬಂದ. ನನಗೂ ಸಿರಿಗೂ ಫ್ರೀ ಟಿಕೆಟ್ ಹರಿಯಲು ಆಧಾರ್ ನೋಡುತ್ತಾ, "ಎಲ್ಲಿಗವ್ವ?" ಎಂದ.

"ಅಜ್ಜಿ ಊರಿಗೆ" ಎಂದಳು ಸಿರಿ.

"ಯಾವುದವ್ವ ಅಜ್ಜಿ ಊರು?" ಎಂದು ಅವನು ಯಜಮಾನರ ಮುಖ ನೋಡಿದ. "ಯೋಳಿ ಸಾ, ಎಲ್ಲಿಗೆ?"

ನಮ್ಮ ಯಜಮಾನರು ದುಡ್ಡು ಚಾಚಿದರು.

"ಹಾಸನ" ಎಂದರು. "ಅಲ್ಲೇ ಬಾಡಿಗೆಗಿದ್ದೀವಿ, ಮನೆಯವರೆಲ್ಲ."